ಡಿಸ್ಕ್ ಬ್ರೇಕ್ ಕಿರುಚುತ್ತಿದೆಯೇ? ಪ್ಯಾಡ್ ಬದಲಿಸುವ ಮೊದಲು ಪಿನ್ ನೋಡಿ

ದಾವಣಗೆರೆ, ಚಿತ್ರದುರ್ಗದ ಒಣಹವೆಯಲ್ಲಿ, ಅದರಲ್ಲೂ ಧೂಳೇಳುವ ಬೇಸಿಗೆಯಲ್ಲಿ, ಹಳೆಯ ಜೆನ್, ಸ್ಯಾಂಟ್ರೋಗಳ ಮುಂದಿನ ಬ್ರೇಕ್ ಕೀರಲು ಸದ್ದು ಮಾಡಿದ ಕೂಡಲೇ ಹೊಸ ಪ್ಯಾಡ್ ಹಾಕಿಸುವುದು ರೂಢಿ. ಕೆಲವೇ ವಾರಗಳಲ್ಲಿ ಅದೇ ಸದ್ದು ಮರಳಿದಾಗ ಜನ ಪ್ಯಾಡನ್ನೇ ದೂರುತ್ತಾರೆ. ಆದರೆ ದೋಷ ಹೆಚ್ಚಾಗಿ ಇರುವುದು, ಚಕ್ರದೊಂದಿಗೆ ತಿರುಗುವ ಡಿಸ್ಕಿಗೆ ಪ್ಯಾಡನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಸರಿದಾಡುವ ಪಿನ್‌ಗಳಲ್ಲಿ.

ಮೊದಲು ಸದ್ದನ್ನು ಗಮನಿಸಿ. ಬೆಳಿಗ್ಗೆ ಎರಡು ಮೂರು ಬಾರಿ ಬ್ರೇಕ್ ಒತ್ತಿದ ಮೇಲೆ ನಿಂತುಹೋದರೆ ಅದು ಡಿಸ್ಕ್ ಮೇಲಿನ ತೆಳು ತುಕ್ಕು, ಚಿಂತೆ ಬೇಡ. ಬ್ರೇಕ್ ಒತ್ತದಿದ್ದಾಗಲೂ ಸದ್ದು ಬರುತ್ತಿದ್ದರೆ ಪ್ಯಾಡ್ ಸವೆದು ಅದರ ಎಚ್ಚರಿಕೆಯ ಲೋಹದ ಪಟ್ಟಿ ಡಿಸ್ಕಿಗೆ ತಾಗುತ್ತಿರಬಹುದು. ಗರಗರ ಎಂದು ಉಜ್ಜುವ ಸದ್ದು ಬಂದರೆ ಗಾಡಿ ಓಡಿಸಬೇಡಿ.

ಸಮತಟ್ಟಾದ ನೆಲದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ನಟ್ ಸಡಿಲಿಸಿ, ಜಾಕ್ ಏರಿಸಿ, ಸ್ಟ್ಯಾಂಡ್ ಇಟ್ಟ ಮೇಲೆಯೇ ಚಕ್ರ ಬಿಚ್ಚಿರಿ. ಜಾಕನ್ನು ಮಾತ್ರ ನಂಬಿ ಕೆಲಸ ಮಾಡಲೇಬಾರದು. ಬೋಲ್ಟ್ ತೆಗೆದು, ಕ್ಯಾಲಿಪರನ್ನು ತಂತಿಯಿಂದ ಕಟ್ಟಿರಿ. ರಬ್ಬರ್ ಹೋಸಿನಲ್ಲಿ ನೇತಾಡಬಾರದು. ಪ್ಯಾಡಿನ ಉಳಿದ ದಪ್ಪ ಸುಮಾರು 3 ಮಿ.ಮೀ.ಗಿಂತ ಕಡಿಮೆಯಿದ್ದರೆ ಬದಲಿಸಿ.

ಇನ್ನು ಪಿನ್‌ಗಳು. ಒಂದೊಂದನ್ನೇ ಹೊರತೆಗೆದಾಗ ಹಳೆಯ ಗ್ರೀಸ್ ಕಪ್ಪು ಅಂಟಾಗಿ ಗಟ್ಟಿಯಾಗಿರುವುದು ಬೆರಳಿಗೇ ತಿಳಿಯುತ್ತದೆ. ಕೆಲವು ಕಾರುಗಳಲ್ಲಿ ಎರಡು ಪಿನ್‌ಗಳ ರಚನೆ ಬೇರೆಯಾಗಿರುವುದರಿಂದ ಯಾವುದು ಎಲ್ಲಿತ್ತೆಂದು ಗುರುತು ಮಾಡಿಕೊಳ್ಳಿ. ಪಿನ್ ಮತ್ತು ಅದರ ರಂಧ್ರ ಎರಡನ್ನೂ ಬ್ರೇಕ್ ಕ್ಲೀನರಿನಿಂದ ಒರೆಸಿ, ರಬ್ಬರ್ ಹೊದಿಕೆ ಹರಿದಿದ್ದರೆ ಹೊಸದು ಹಾಕಿ, ಶಾಖ ತಾಳುವ ಸಿಲಿಕಾನ್ ಗ್ರೀಸನ್ನು ತೆಳುವಾಗಿ ಸವರಿರಿ. ಬೇರಿಂಗಿಗೆ ಹಚ್ಚುವ ಸಾಮಾನ್ಯ ಗ್ರೀಸ್ ಬೇಡವೇ ಬೇಡ. ಅದು ರಬ್ಬರನ್ನು ಉಬ್ಬಿಸಿ ಪಿನ್ನನ್ನು ಮತ್ತೆ ಹಿಡಿಸುತ್ತದೆ. ಸರಿಯಾಗಿ ಕೂತ ಪಿನ್ ಕೈಯಿಂದ ಒತ್ತಿದರೆ ಸಲೀಸಾಗಿ ಒಳಹೋಗಿ, ಎಳೆದರೆ ಹಾಗೆಯೇ ಹೊರಬರಬೇಕು. ಪ್ಯಾಡ್ ಕೂರುವ ಬ್ರಾಕೆಟ್ಟಿನಲ್ಲಿ ಕ್ಲಿಪ್‌ಗಳ ಅಡಿಯ ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆಯಿರಿ. ಅಗ್ಗದ ಪ್ಯಾಡ್ ಜತೆ ಶಿಮ್ ಬಾರದಿದ್ದರೆ ಅಂಥದ್ದನ್ನು ಕೊಳ್ಳಬೇಡಿ. ಕಂಪನ ತಡೆಯುವುದೇ ಆ ತೆಳು ತಗಡು. ಸದ್ದಡಗಿಸಲು ಪ್ಯಾಡಿನ ಮುಖಕ್ಕೆ ಎಣ್ಣೆ ಹಚ್ಚುವವರಿದ್ದಾರೆ. ಆಗ ಬ್ರೇಕೇ ಹಿಡಿಯುವುದಿಲ್ಲ. ಬ್ರೇಕ್ ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಪ್ಯಾಡನ್ನು ತಳ್ಳುವ ಕ್ಯಾಲಿಪರಿನ ಪಿಸ್ಟನ್ನನ್ನು ನಿಧಾನವಾಗಿ ಒಳಗೊತ್ತುವಾಗ ಬ್ರೇಕ್ ದ್ರವದ ಡಬ್ಬಿ ಉಕ್ಕದಂತೆ ನೋಡಿಕೊಂಡು, ಎಲ್ಲವನ್ನೂ ಮರುಜೋಡಿಸಿ. ಗಾಡಿ ಚಲಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿರಿ.

ಹೊಸ ಪ್ಯಾಡ್ ಹಾಕಿದ್ದರೆ ಅದು ಡಿಸ್ಕಿಗೆ ಹೊಂದಿಕೊಳ್ಳಲು, ಹೆದ್ದಾರಿ 48ರ ಸರ್ವಿಸ್ ರಸ್ತೆ ಖಾಲಿ ಇರುವ ಹೊತ್ತಿನಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ 10ಕ್ಕೆ ಹದವಾಗಿ ಇಳಿಸುವುದನ್ನು ಎಂಟು ಹತ್ತು ಬಾರಿ, ಪೂರ್ತಿ ನಿಲ್ಲಿಸದೆ, ಮಧ್ಯೆ ತಣಿಯಲು ಬಿಟ್ಟು ಮಾಡಿರಿ. ಇಷ್ಟಾದರೂ ಸದ್ದು ಉಳಿದರೆ ಡಿಸ್ಕಿನ ದಪ್ಪ ಅಳೆಸಿ. ಅದರ ಮೇಲೆ ಕೆತ್ತಿರುವ ಕನಿಷ್ಠ ಅಳತೆಗಿಂತ ತೆಳುವಾಗಿದ್ದರೆ ಲೇತಿಗೆ ಕೊಡದೆ ಎರಡೂ ಬದಿಯ ಡಿಸ್ಕ್‌ಗಳನ್ನು ಒಟ್ಟಿಗೇ ಬದಲಿಸಿ.