ಸಿಎನ್‌ಜಿ ಗಾಡಿ ಏರು ಹತ್ತುವುದಿಲ್ಲ ಎಂದವರಿಗೆ ನನ್ನ ಅನುಭವ

ಪೆಟ್ರೋಲ್ ವ್ಯಾನಿಗೆ ಸಿಎನ್‌ಜಿ ಕಿಟ್ ಕೂರಿಸಿದರೆ ಏರಿನಲ್ಲಿ ಎಳೆತ ಸತ್ತುಹೋಗುತ್ತದೆ, ವರ್ಷದೊಳಗೆ ವಾಲ್ವ್ (ಎಂಜಿನ್ನಿನ ಒಳಗೆ ಗಾಳಿ, ಹೊಗೆಯ ದಾರಿ ತೆರೆದು ಮುಚ್ಚುವ ಕವಾಟ) ಸುಡುತ್ತದೆ ಎಂದು ನಮ್ಮ ಗ್ಯಾರೇಜು ಕಸುಬಿನವರೇ ಹೇಳುತ್ತಿದ್ದರು. ಈಗ ಲಕ್ಷ ಕಿಲೋಮೀಟರಿಗೂ ಮಿಕ್ಕಿ ಓಡಿರುವ ನನ್ನ ವ್ಯಾನು ಪೂರ್ತಿ ಲೋಡಿನೊಂದಿಗೆ ಏರು ಹತ್ತುತ್ತಿದೆ. ವಾಲ್ವುಗಳು ಕೂತಿರುವ ಎಂಜಿನ್ ಹೆಡ್ ಇನ್ನೂ ಬಿಚ್ಚಿಲ್ಲ.

ಮೊದಲು ಹಾಕಿಸಿದ್ದ, ಒಳಹೋಗುವ ಗಾಳಿಗೆ ಮೊದಲೇ ಗ್ಯಾಸ್ ಬೆರೆಸುವ ಮಿಕ್ಸರ್ ಕಿಟ್ ನಿಜಕ್ಕೂ ದುಡ್ಡು ತಿಂದಿತು. ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯಾದ ಮ್ಯಾನಿಫೋಲ್ಡಿನ ತುಂಬ ಗ್ಯಾಸ್ ಮಿಶ್ರಣ ನಿಂತಿರುವುದರಿಂದ, ಪ್ಲಗ್ ಕಿಡಿ ಸ್ವಲ್ಪ ದುರ್ಬಲವಾದರೂ ಬ್ಯಾಕ್‌ಫೈರ್ ಹೊಡೆದು, ಅಂದರೆ ಬೆಂಕಿ ಕೊಳವೆಗೇ ಹಿಂದಕ್ಕೆ ಸಿಡಿದು, ಏರ್ ಫಿಲ್ಟರ್ ಡಬ್ಬಿ ಸೀಳುತ್ತಿತ್ತು. ಅದನ್ನು ಕಿತ್ತು, ಪ್ರತಿ ಇನ್‌ಟೇಕ್ ವಾಲ್ವಿನ ಬಳಿಯೇ ಗ್ಯಾಸ್ ಬಿಡುವ ಸೀಕ್ವೆನ್ಷಿಯಲ್ ಕಿಟ್ಟಿಗೆ ಹೆಚ್ಚುಕಡಿಮೆ ಎರಡರಷ್ಟು ಹಣ ಸುರಿದೆ. ಬ್ಯಾಕ್‌ಫೈರ್ ನಿಂತಿತು, ಎಳೆತ ಮಾತ್ರ ಬರಲಿಲ್ಲ.

ಗ್ಯಾಸ್ ಗಾಳಿಯ ಜಾಗ ತಿನ್ನುವುದರಿಂದ ಶೇ. 10ರಷ್ಟು ಶಕ್ತಿ ಹೋಗುವುದು ಸಹಜ. ಅದಕ್ಕಿಂತ ಬಹಳ ಹೆಚ್ಚು ಹೋಗುತ್ತಿದ್ದರೆ ಇಗ್ನಿಷನ್, ಅಂದರೆ ಕಿಡಿ ಹಚ್ಚುವ ವ್ಯವಸ್ಥೆ, ನೋಡಬೇಕು. ಸಿಎನ್‌ಜಿಯ ಮುಖ್ಯ ಅಂಶವಾದ ಮೀಥೇನ್ ಪೆಟ್ರೋಲಿಗಿಂತ ನಿಧಾನವಾಗಿ ಉರಿಯುತ್ತದೆ, ಆಕ್ಟೇನ್ 120ರ ಆಸುಪಾಸಿನಲ್ಲಿರುವುದರಿಂದ ನಾಕಿಂಗಿನ (ಇಂಧನ ತಾನಾಗಿ ಸಿಡಿದು ಎಂಜಿನ್ ಬಡಿದುಕೊಳ್ಳುವುದರ) ಭಯವೂ ಕಡಿಮೆ. ಆದ್ದರಿಂದ ಟೈಮಿಂಗ್ ಅಡ್ವಾನ್ಸರ್ ಅಳವಡಿಸಿ ಕಿಡಿಯನ್ನು ಎಂಟು ಹತ್ತು ಡಿಗ್ರಿ ಮುಂದಕ್ಕೆ ತಂದೆ. ಕಿಡಿ ಹಾರುವ ಪ್ಲಗ್ ಗ್ಯಾಪನ್ನು 1.0 ಮಿ.ಮೀ.ನಿಂದ 0.7ಕ್ಕೆ ಇಳಿಸಿದೆ. ಅಂದೇ ಮೂರನೇ ಗೇರಿನಲ್ಲಿ ಹತ್ತಿದ ಏರನ್ನು ಅದಕ್ಕೂ ಮೊದಲು ಎರಡರಲ್ಲಿ ಮಾತ್ರ ಹತ್ತಿಸಬಹುದಿತ್ತು. ಯಾವ ಆರ್‌ಪಿಎಂಗೆ (ಎಂಜಿನ್ ವೇಗಕ್ಕೆ) ಎಷ್ಟು ಡಿಗ್ರಿ ಎಂಬುದನ್ನು ಇಲ್ಲಿ ಬರೆಯಲಾರೆ, ಅದು ನನ್ನ ಹೊಟ್ಟೆಪಾಡು. ಕಿಟ್ ಮಾರುವವರೇ ಈಗ ಅದನ್ನು ಕೇಳಿಕೊಂಡು ಬರುತ್ತಾರೆ.

ವಾಲ್ವಿನ ವಿಷಯದಲ್ಲಿ ಹಿರಿಯರ ಭಯ ಪೂರ್ತಿ ಸುಳ್ಳಲ್ಲ. ಗ್ಯಾಸಿನಂಥ ಒಣ ಇಂಧನದಲ್ಲಿ ವಾಲ್ವ್ ಕೂರುವ ಸೀಟ್ ಸವೆದು ವಾಲ್ವ್ ಒಳಸರಿಯುತ್ತದೆ, ಟ್ಯಾಪೆಟ್ ಕ್ಲಿಯರೆನ್ಸ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು, ಕಡಿಮೆಯಾಗುತ್ತದೆ, ಕೊನೆಗೆ ವಾಲ್ವ್ ಮುಚ್ಚದೆ ಸುಡುತ್ತದೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಸಂದು ಅಳೆಯುವ ಫೀಲರ್ ಗೇಜ್ ಹಾಕಿ ನೋಡಿ ಸರಿಪಡಿಸಿದರೆ ಸಾಕು.

ನಡುವೆ ಗ್ಯಾಸ್ ತುಂಬಿಸುವ ಹೊತ್ತನ್ನೂ ಪರೀಕ್ಷಿಸಿದೆ. ರಭಸದಿಂದ ತುಂಬುವಾಗ ಸಿಲಿಂಡರ್ ಬಿಸಿಯಾಗುವುದರಿಂದ ಗೇಜು 200 ಬಾರ್ ತೋರಿಸಿದರೂ ತಣಿದ ಮೇಲೆ ಒತ್ತಡ ಇಳಿಯುತ್ತದೆ. ಮಧ್ಯಾಹ್ನಕ್ಕಿಂತ ಬೆಳಗಿನ ಜಾವ 60 ಲೀಟರ್ ಸಿಲಿಂಡರಿಗೆ ಅರ್ಧ ಕಿಲೋ ಹೆಚ್ಚು ಹಿಡಿಯಿತು. ಡೀಸೆಲ್ ಎಂಜಿನ್ನನ್ನೂ ಪೂರ್ತಿ ಗ್ಯಾಸಿಗೆ ತಿರುಗಿಸಲು ಯೋಚಿಸಿದ್ದೆ. ಪಿಸ್ಟನ್ ತಲೆ ಕೊರೆದು ಕಂಪ್ರೆಷನ್ ಅನುಪಾತವನ್ನು (ಗಾಳಿ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬುದನ್ನು) 18ರಿಂದ 12ರ ಸುತ್ತ ಇಳಿಸಿ, ಇಂಜೆಕ್ಟರ್ ಜಾಗಕ್ಕೆ ಪ್ಲಗ್ ಕೂರಿಸುವ ಖರ್ಚು ಕೇಳಿ ಕೈಬಿಟ್ಟೆ.

ಪೆಟ್ರೋಲಿನಲ್ಲಿ ಲೀಟರಿಗೆ 12–13 ಕಿ.ಮೀ. ಕೊಡುತ್ತಿದ್ದ ವ್ಯಾನು ಗ್ಯಾಸಿನಲ್ಲಿ ಕಿಲೋಗೆ 17–18 ಕೊಡುತ್ತಿದೆ. ಎರಡೂ ಕಿಟ್ಟುಗಳ ಹಣ ಎರಡು ವರ್ಷಕ್ಕೆ ಮರಳಿತು. ಆದರೆ ಉಕ್ಕಿನ ಸಿಲಿಂಡರಿನ ಭಾರ ಲೋಡಿನಲ್ಲಿ ಕಡಿತವಾಗುತ್ತದೆ, ಅಷ್ಟೇ ಗಾತ್ರದ ಡೀಸೆಲ್ ಟ್ಯಾಂಕಿನ ಕಾಲು ಭಾಗದಷ್ಟು ಶಕ್ತಿ ಮಾತ್ರ ಅದರಲ್ಲಿ ಹಿಡಿಯುತ್ತದೆ. ಹೀಗಾಗಿ ದೂರದ ಲಾರಿಯವರು ಬಂದರೆ ಕಿಟ್ ಬೇಡವೆಂದೇ ಹೇಳಿ ಕಳುಹಿಸುತ್ತೇನೆ.