ಎರಡು ಅರ್ಧ ದಿನ, ನಡುವೆ ಒಂದು ರಾತ್ರಿ: ಪುಟ್ಟ ಮಕ್ಕಳ ಜೊತೆ ಥೀಮ್ ಪಾರ್ಕ್

ಐದು ವರ್ಷದೊಳಗಿನ ಮಕ್ಕಳನ್ನು ಥೀಮ್ ಪಾರ್ಕ್‌ಗೆ ಕರೆದೊಯ್ದು ಒಂದು ರಾತ್ರಿ ತಂಗಿ ಬರುವ ಯೋಜನೆ ಹಾಕುವಾಗ ನಾನು ಮೊದಲು ಬರೆದುಕೊಳ್ಳುವುದು ಅವರು ಮಧ್ಯಾಹ್ನ ಮಲಗುವ ಹೊತ್ತು. ರೈಡ್‌ಗಳ ಪಟ್ಟಿ ಆಮೇಲೆ. ಒಂದು-ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು-ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಗಲು ನಿದ್ದೆಯೂ ಈ ಲೆಕ್ಕದಲ್ಲೇ ಸೇರಿದೆ. ಅದೊಂದು ತಪ್ಪಿದರೆ ಸಂಜೆ ನಾಲ್ಕಕ್ಕೆಲ್ಲ ರಂಪ ಶುರುವಾಗುತ್ತದೆ. ತೀರಾ ದಣಿದ ಮಗುವಿಗೆ ಹೊಸ ಜಾಗದಲ್ಲಿ ರಾತ್ರಿಯೂ ಬೇಗ ನಿದ್ದೆ ಹತ್ತುವುದಿಲ್ಲ. ಮರುದಿನ ಬೆಳಗ್ಗೆಯೂ ಕೆಟ್ಟಿತೆಂದೇ ಲೆಕ್ಕ.

ಹಾಗಾಗಿ ಒಂದು ರಾತ್ರಿಯ ಪ್ರವಾಸವನ್ನು ನಾವು ಎರಡು ಪೂರ್ತಿ ದಿನ ಎಂದು ಎಣಿಸುವುದೇ ಇಲ್ಲ. ಎರಡು ಅರ್ಧ ದಿನ, ನಡುವೆ ಒಂದು ರಾತ್ರಿ. ಎರಡೂ ದಿನದ ಮಧ್ಯಾಹ್ನದ ನಿದ್ದೆ ಕಾರಿನಲ್ಲಿ.

ಮೊದಲ ದಿನ ಹನ್ನೆರಡಕ್ಕೆ ಮನೆಯಲ್ಲೇ ಊಟ, ಹನ್ನೆರಡೂವರೆಗೆ ಕಾರು ಹೊರಡಬೇಕು. ಎರಡೂವರೆ-ಮೂರಕ್ಕೆ ತಲುಪಿದರೆ ಹೋಟೆಲ್ ಚೆಕ್-ಇನ್ ಸಮಯಕ್ಕೂ ಹೊಂದುತ್ತದೆ, ಏಕೆಂದರೆ ಹೆಚ್ಚಿನ ಕಡೆ ಕೋಣೆ ಕೊಡುವುದೇ ಎರಡು ಅಥವಾ ಮೂರರ ನಂತರ. ಮೂರೂ ಮುಕ್ಕಾಲರಿಂದ ಏಳರವರೆಗೆ ಪಾರ್ಕ್, ಎಂಟಕ್ಕೆ ಹಾಸಿಗೆ. ಎರಡನೇ ದಿನ ಗೇಟು ತೆರೆಯುವುದಕ್ಕೆ ಇಪ್ಪತ್ತು ನಿಮಿಷ ಮೊದಲೇ ಅಲ್ಲಿರುವುದು, ಹನ್ನೊಂದೂವರೆಗೆ ಹೊರಬೀಳುವುದು, ಊಟ ಮುಗಿಸಿ ಮತ್ತೆ ಹನ್ನೆರಡೂವರೆಗೆ ಕಾರು. ದಾರಿ ಎರಡು, ಎರಡೂವರೆ ಗಂಟೆಯದ್ದಾಗಿದ್ದರೆ ಈ ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. ಅದಕ್ಕಿಂತ ಉದ್ದವಾದರೆ ನಿದ್ದೆ ಮುಗಿದ ಮೇಲೂ ದಾರಿ ಉಳಿದಿರುತ್ತದೆ. ಆಗ ಎರಡು ಗಂಟೆಗೊಮ್ಮೆ ನಿಲ್ಲಿಸಿ, ಸೀಟಿನಿಂದ ಇಳಿಸಿ, ಇಪ್ಪತ್ತು ನಿಮಿಷ ಓಡಾಡಿಸಿಯೇ ಮುಂದೆ ಹೋಗಬೇಕು. ತಲುಪಿದಾಗ ಮಕ್ಕಳು ಇನ್ನೂ ಮಲಗಿದ್ದರೆ ಎಬ್ಬಿಸಬೇಡಿ. ಒಬ್ಬರು ಚೆಕ್-ಇನ್ ಮುಗಿಸಿ ಬರಲಿ, ಇನ್ನೊಬ್ಬರು ಕಾರಿನಲ್ಲೇ ಕೂತಿರಲಿ. ಎರಡೇ ನಿಮಿಷದ ಕೆಲಸವೆಂದರೂ ಮಕ್ಕಳನ್ನಷ್ಟೇ ಬಿಟ್ಟು ಇಳಿಯುವ ಹಾಗಿಲ್ಲ. ನಿಂತ ಕಾರಿನ ಒಳಗೆ ನಿಮಿಷಗಳಲ್ಲೇ ಕಾವೇರುತ್ತದೆ.

ಈ ಯೋಜನೆಗೆ ಇರುವ ಒಂದೇ ತೊಡಕು ಟಿಕೆಟ್. ಎರಡು ಅರ್ಧ ದಿನಕ್ಕೆ ಎರಡು ಪೂರ್ತಿ ಟಿಕೆಟ್ ಕೊಳ್ಳುವುದು ಯಾರಿಗೂ ಒಪ್ಪುವುದಿಲ್ಲ. ಸಂಜೆಯ ಪ್ರವೇಶಕ್ಕೆ ಕಡಿಮೆ ದರ ಇದೆಯೇ, ಎರಡನೇ ದಿನಕ್ಕೆ ರಿಯಾಯಿತಿ ಇದೆಯೇ, ಹೋಟೆಲ್ ಮತ್ತು ಟಿಕೆಟ್ ಸೇರಿದ ಪ್ಯಾಕೇಜ್ ಇದೆಯೇ ಎಂದು ಮೊದಲೇ ನೋಡಿ. ಯಾವುದೂ ಇಲ್ಲದಿದ್ದರೆ ನನ್ನ ಆಯ್ಕೆ ಎರಡನೇ ದಿನದ ಟಿಕೆಟ್ ಒಂದೇ. ಮೊದಲ ಸಂಜೆ ಹೋಟೆಲಿನ ಈಜುಕೊಳದಲ್ಲಿ ಕಳೆಯಲಿ. ಎರಡು ವರ್ಷದ ಮಗುವಿಗೆ ಈಜುಕೊಳವೇ ಒಂದು ಪಾರ್ಕ್. ಮಕ್ಕಳ ಟಿಕೆಟ್ ವಯಸ್ಸಿನ ಮಿತಿಯೂ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ ಮೂರು ವರ್ಷದೊಳಗಿನವರಿಗೆ ಟಿಕೆಟ್ ಬೇಡ, ಟೋಕಿಯೊ ಡಿಸ್ನಿಯಲ್ಲಿ ನಾಲ್ಕು ವರ್ಷದ ಮಕ್ಕಳಿಂದ ಟಿಕೆಟ್ ಶುರು, ಇನ್ನು ಕೆಲವು ಪಾರ್ಕ್‌ಗಳು ವಯಸ್ಸು ಕೇಳದೆ ಎತ್ತರ ಅಳೆಯುತ್ತವೆ. ಹುಟ್ಟುಹಬ್ಬ ಹತ್ತಿರವಿದ್ದರೆ ತಾರೀಕು ಗೊತ್ತುಮಾಡುವ ಮುನ್ನ ಇದನ್ನು ನೋಡಿಕೊಳ್ಳಬೇಕು. ಕೋಣೆಯನ್ನಂತೂ ಕೊನೇ ಗಳಿಗೆಯಲ್ಲಿ ರದ್ದು ಮಾಡಬಹುದಾದ ದರಕ್ಕೇ ಕಾಯ್ದಿರಿಸಿ. ಈ ವಯಸ್ಸಿನವರಿಗೆ ಹೊರಡುವ ಹಿಂದಿನ ರಾತ್ರಿ ಜ್ವರ ಬರುವುದು ಅಪರೂಪವೇನಲ್ಲ.

ಎತ್ತರವನ್ನು ಮನೆಯಲ್ಲೇ ಅಳೆಯಿರಿ

ರೈಡ್‌ಗಳ ಎತ್ತರದ ಮಿತಿ ಸಾಮಾನ್ಯವಾಗಿ 90, 100 ಅಥವಾ 102, 107, 120 ಸೆಂಟಿಮೀಟರ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಕೋಷ್ಟಕದ ಪ್ರಕಾರ ಎರಡು ವರ್ಷದ ಮಗುವಿನ ನಡುಮಟ್ಟದ ಎತ್ತರ ಸುಮಾರು 87 ಸೆಂ.ಮೀ., ಮೂರಕ್ಕೆ 95-96, ನಾಲ್ಕಕ್ಕೆ 103, ಐದಕ್ಕೆ 110ರ ಆಸುಪಾಸು. ಅಂದರೆ 90ರ ರೈಡ್‌ಗಳು ಎರಡೂವರೆ-ಮೂರರಿಂದ ಸಿಗುತ್ತವೆ, 102ರದ್ದು ನಾಲ್ಕರ ಆಸುಪಾಸಿಗೆ, 120ರದ್ದು ಈ ವಯಸ್ಸಿನಲ್ಲಿ ಇಲ್ಲವೆಂದೇ ತಿಳಿಯಿರಿ. ಹೊರಡುವ ವಾರ ಮಗುವನ್ನು ಗೋಡೆಗೆ ನಿಲ್ಲಿಸಿ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ನೇರವಾಗಿ ಒತ್ತಿ ಗೆರೆ ಹಾಕಿ. ಪಾರ್ಕಿಗೆ ಹಾಕುವ ಶೂ ಹಾಕಿಸಿಯೂ ಒಮ್ಮೆ, ಬರಿಗಾಲಲ್ಲೂ ಒಮ್ಮೆ ಅಳೆಯಿರಿ, ಏಕೆಂದರೆ ಶೂ ಬಿಚ್ಚಿಸಿ ಅಳೆಯುವ ಕಡೆಯೂ ಉಂಟು. ದಿನವಿಡೀ ಓಡಾಡಿದ ಮೇಲೆ ಬೆನ್ನೆಲುಬಿನ ನಡುವಿನ ಮೆತ್ತೆಗಳು ಒತ್ತಿಕೊಂಡು ಸಂಜೆ ಎತ್ತರ ಒಂದಿಷ್ಟು ಕಡಿಮೆ ತೋರುತ್ತದೆ. ಮಿತಿಯ ಗೆರೆಯ ಮೇಲೇ ಇರುವ ಮಗುವಿಗೆ ಆ ರೈಡನ್ನು ಬೆಳಗ್ಗೆಯೇ ಇಟ್ಟುಕೊಳ್ಳಿ.

ಹತ್ತಲಾಗದ ರೈಡ್‌ಗಳ ಹೆಸರನ್ನೇ ಮಗುವಿನ ಮುಂದೆ ಎತ್ತುವುದಿಲ್ಲ. ಇಪ್ಪತ್ತು ನಿಮಿಷ ಕ್ಯೂನಲ್ಲಿ ನಿಂತ ಮೇಲೆ ಅಳತೆ ಕೋಲಿನ ಬಳಿ ವಾಪಸ್ ಕಳಿಸಿಕೊಂಡ ಮೂರು ವರ್ಷದ ಮಗುವಿಗೆ ಸಮಾಧಾನ ಹೇಳುವ ಮಾತು ಯಾರ ಹತ್ತಿರವೂ ಇಲ್ಲ. ಹತ್ತುವ ರೈಡ್‌ಗಳ ವಿಡಿಯೊವನ್ನು ಎರಡು ದಿನ ಮೊದಲು ಮನೆಯಲ್ಲಿ ತೋರಿಸಿ. ಮಕ್ಕಳು ಹೆದರುವುದು ಹೆಚ್ಚಾಗಿ ಕತ್ತಲಿಗೆ, ಹಠಾತ್ ಸದ್ದಿಗೆ, ವೇಗ ಆಮೇಲಿನದು. 'ಇಲ್ಲಿ ಕತ್ತಲಾಗುತ್ತೆ, ಆಮೇಲೆ ದೀಪ ಬರುತ್ತೆ' ಎಂದು ಮೊದಲೇ ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ. ಸದ್ದಿಗೆ ಬೆಚ್ಚುವ ಮಗುವಿಗೆ ಕಿವಿ ಮುಚ್ಚುವ ಹೆಡ್‌ಫೋನ್ ಮಾದರಿಯ ಮಫ್ ಇರಲಿ.

ದೊಡ್ಡವರಿಗೂ ಒಂದು ದೊಡ್ಡ ರೈಡ್ ಹತ್ತುವ ಆಸೆ ಇದ್ದರೆ ಬಾಗಿಲಲ್ಲಿ ನಿಂತ ಸಿಬ್ಬಂದಿಯನ್ನು ಕೇಳಿ. ಒಬ್ಬರು ಮಗುವಿನ ಜೊತೆ ಹೊರಗಿದ್ದು, ಮೊದಲನೆಯವರು ಬಂದ ಮೇಲೆ ಪೂರ್ತಿ ಕ್ಯೂ ನಿಲ್ಲದೆ ಹೋಗುವ ವ್ಯವಸ್ಥೆ ಹಲವು ಪಾರ್ಕ್‌ಗಳಲ್ಲಿದೆ. ಡಿಸ್ನಿಯವರು ಇದನ್ನು ರೈಡರ್ ಸ್ವಿಚ್ ಎನ್ನುತ್ತಾರೆ. ಕೇಳದೆ ಸಿಗುವುದಿಲ್ಲ.

ಮೊದಲ ಒಂದು ಗಂಟೆ

ಬೆಳಗ್ಗೆ ಗೇಟು ತೆರೆದ ಮೊದಲ ಗಂಟೆಯಲ್ಲಿ ಮೂರು-ನಾಲ್ಕು ರೈಡ್ ಆಗುತ್ತದೆ. ಹನ್ನೊಂದರ ನಂತರ ಅದೇ ನಾಲ್ಕಕ್ಕೆ ಎರಡು ಗಂಟೆಗೂ ಹೆಚ್ಚು ಬೇಕಾಗಬಹುದು. ಒಳ ಹೋದವರೆಲ್ಲ ಬಾಗಿಲ ಹತ್ತಿರದ ರೈಡ್‌ಗೇ ಮುಗಿಬೀಳುತ್ತಾರೆ. ನಾವು ನೇರ ಹಿಂದಿನ ತುದಿಗೆ ಹೋಗಿ ಅಲ್ಲಿಂದ ಬಾಗಿಲ ಕಡೆಗೆ ಬರುತ್ತೇವೆ. ಹೊರಡುವ ಹೊತ್ತಿಗೆ ಕಾರಿನ ಹತ್ತಿರವೂ ಇರುತ್ತೇವೆ. ಅರ್ಧ ದಿನಕ್ಕೆ ಐದು-ಆರು ರೈಡ್ ಸಾಕು, ಅದರಲ್ಲಿ ಒಂದೇ ರೈಡನ್ನು ಮಗು ಮೂರು ಸಲ ಕೇಳಿದರೆ ಮೂರು ಸಲವೂ ಲೆಕ್ಕಕ್ಕೆ. ಮೂರು ವರ್ಷದವರ ತಾಳ್ಮೆ ಕ್ಯೂನಲ್ಲಿ ಹದಿನೈದು-ಇಪ್ಪತ್ತು ನಿಮಿಷ. ಫಲಕದಲ್ಲಿ ಅದಕ್ಕಿಂತ ಹೆಚ್ಚು ಬರೆದಿದ್ದರೆ ಮುಂದೆ ನಡೆಯಿರಿ. ತಿಂಡಿ ಡಬ್ಬಿ ತೆರೆಯುವುದು ಕ್ಯೂನಲ್ಲಿ ಮಾತ್ರ ಎಂದು ಇಟ್ಟುಕೊಂಡರೆ ಕಾಯುವುದೂ ತಿನ್ನುವುದೂ ಒಟ್ಟಿಗೆ ಮುಗಿಯುತ್ತದೆ. ದ್ರಾಕ್ಷಿಯನ್ನು ಉದ್ದುದ್ದ ನಾಲ್ಕು ಹೋಳು ಮಾಡಿ ತನ್ನಿ. ನಾಲ್ಕು ವರ್ಷದೊಳಗಿನವರಿಗೆ ಪಾಪ್‌ಕಾರ್ನ್ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮನೆಯಲ್ಲಿ ಸ್ಟ್ರೋಲರ್ ಬಿಟ್ಟು ವರ್ಷವಾದ ನಾಲ್ಕೂವರೆಯ ಮಗುವಿಗೂ ಇಲ್ಲಿ ಸ್ಟ್ರೋಲರ್ ಬೇಕು. ನಡೆಯಲು ಬರುತ್ತದೆ ನಿಜ, ಆದರೆ ಇಷ್ಟು ದೂರಕ್ಕಲ್ಲ. ಸ್ಟ್ರೋಲರ್‌ನ ಅಳತೆಗೂ ನಿಯಮ ಇರಬಹುದು: ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ 2019ರಿಂದ 79 ಸೆಂ.ಮೀ. ಅಗಲ, 132 ಸೆಂ.ಮೀ. ಉದ್ದಕ್ಕಿಂತ ದೊಡ್ಡದನ್ನು ಬಿಡುವುದಿಲ್ಲ, ಎಳೆಯುವ ವ್ಯಾಗನ್ ಪೂರ್ತಿ ನಿಷಿದ್ಧ. ಹಿಡಿಕೆಗೆ ಭಾರದ ಬ್ಯಾಗ್ ನೇತುಹಾಕುವುದು ಎಲ್ಲರೂ ಮಾಡುವ ತಪ್ಪು. ಮಗು ಕೂತಿರುವವರೆಗೆ ಏನೂ ಆಗುವುದಿಲ್ಲ. ಮಗುವನ್ನು ಎತ್ತಿದ ಕ್ಷಣ ಮುಂದಿನ ಭಾರ ಹೋಗಿ ಗಾಡಿ ಹಿಂದಕ್ಕೆ ಮಗುಚುತ್ತದೆ. ಅವಳಿ ಸೀಟಿನದ್ದಾದರೆ ಇನ್ನೊಂದು ಮಗುವಿನ ಸಮೇತ. ಭಾರದ್ದು ಸೀಟಿನ ಕೆಳಗಿನ ಬುಟ್ಟಿಗೆ ಹೋಗಲಿ. ಬಿಸಿಲಿಗೆಂದು ಹೊದಿಕೆ ಇಳಿಬಿಟ್ಟು ಮುಚ್ಚಬೇಡಿ, ಒಳಗೆ ಗಾಳಿಯಾಡದೆ ಬಿಸಿ ಏರುತ್ತದೆ. ಚಾವಣಿ ಎಳೆದು ನೆರಳಲ್ಲಿ ನಿಲ್ಲಿಸಿ. ನಿಲ್ಲಿಸಿದ ಗಾಡಿಗಳನ್ನು ಸಿಬ್ಬಂದಿ ಸಾಲಾಗಿ ಸರಿಸಿಟ್ಟಿರುತ್ತಾರೆ. ಹಿಡಿಕೆಗೆ ಕಣ್ಣಿಗೆ ಹೊಡೆಯುವ ಬಣ್ಣದ ರಿಬ್ಬನ್ ಕಟ್ಟಿದ್ದರೆ ದೂರದಿಂದಲೇ ಗುರುತು ಸಿಗುತ್ತದೆ.

ಹೊಸದಾಗಿ ಡೈಪರ್ ಬಿಟ್ಟ ಮಗುವಿದ್ದರೆ ಪ್ರತಿ ಕ್ಯೂ ಸೇರುವ ಮುನ್ನ ಶೌಚಾಲಯ, ಬೇಕು ಅಂದರೂ ಬೇಡ ಅಂದರೂ. ಅಲ್ಲಿ ತಾನಾಗೇ ನೀರು ಬಿಡುವ ಕಮೋಡ್ ಇದ್ದರೆ ಅದರ ಸದ್ದಿಗೆ ಹೆದರಿದ ಮಗು ದಿನವಿಡೀ ಕಟ್ಟಿಕೊಂಡಿರುತ್ತದೆ. ಪುಟ್ಟ ಮಗು ಸೆನ್ಸರ್‌ನ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಕೂತಿರುವಾಗಲೇ ನೀರು ನುಗ್ಗುತ್ತದೆ. ಅಂಟುವ ಚೀಟಿಗಳ ಸಣ್ಣ ಕಟ್ಟು ಜೇಬಲ್ಲಿರಲಿ: ಕೂರಿಸುವ ಮೊದಲು ಸೆನ್ಸರ್ ಮೇಲೆ ಒಂದು ಅಂಟಿಸಿ, ಮಗು ಬಾಗಿಲಾಚೆ ಹೋದ ಮೇಲೆ ಕಿತ್ತುಬಿಡಿ. ಈ ಪ್ರವಾಸದಲ್ಲಿ ಇಷ್ಟು ಅಗ್ಗದಲ್ಲಿ ಇಷ್ಟು ಕೆಲಸಕ್ಕೆ ಬರುವ ವಸ್ತು ಇನ್ನೊಂದಿಲ್ಲ.

ನೀರಾಟಕ್ಕೆ ಹಾಕುವ ಈಜು ಡೈಪರ್ ಮೂತ್ರವನ್ನು ಹೀರುವುದಿಲ್ಲ, ಗಟ್ಟಿಯದನ್ನು ಮಾತ್ರ ತಡೆಯುತ್ತದೆ. ಕೋಣೆಯಲ್ಲೇ ಹಾಕಿಸಿ ಕಾರಿನಲ್ಲಿ ಕೂರಿಸಿದರೆ ಸೀಟು ಒದ್ದೆ. ನೀರಿಗಿಳಿಯುವ ಐದು ನಿಮಿಷ ಮೊದಲು ಬದಲಿಸಿ. ಸಾಮಾನ್ಯ ಡೈಪರ್‌ನಲ್ಲೇ ಇಳಿಸಿದರೆ ಅದು ಕೊಳದ ನೀರನ್ನೆಲ್ಲ ಕುಡಿದು ಮೊಣಕಾಲಿಗೆ ಜಾರುತ್ತದೆ. ಸನ್‌ಸ್ಕ್ರೀನ್ ಹೊರಡುವ ಹದಿನೈದು ನಿಮಿಷ ಮೊದಲು, ಆಮೇಲೆ ಎರಡು ಗಂಟೆಗೊಮ್ಮೆ, ನೀರಿಂದ ಎದ್ದಾಗಲೆಲ್ಲ ಮತ್ತೊಮ್ಮೆ. ತುಂಬು ತೋಳಿನ ಈಜುಡುಗೆ ಹಾಕಿದರೆ ಹಚ್ಚುವ ಜಾಗವೇ ಕಡಿಮೆಯಾಗುತ್ತದೆ. ಪಾದ ಮುಳುಗುವಷ್ಟೇ ನೀರಿದ್ದರೂ ದೊಡ್ಡವರೊಬ್ಬರು ಕೈಗೆಟಕುವ ದೂರದಲ್ಲಿರಬೇಕು, ಫೋನ್ ಬ್ಯಾಗಿನೊಳಗಿರಬೇಕು. ಮಗು ಮುಳುಗುವಾಗ ಸದ್ದಾಗುವುದಿಲ್ಲ.

ಜನಜಂಗುಳಿಯಲ್ಲಿ ಕೈತಪ್ಪಿದರೆ ಎನ್ನುವುದಕ್ಕೆ ಮೂರು ಕೆಲಸ. ಬೆಳಗ್ಗೆ ಗೇಟಿನ ಬಳಿ ಅಂದಿನ ಬಟ್ಟೆಯಲ್ಲಿ ಒಂದು ಫೋಟೊ. ಮುಂಗೈ ಮೇಲೆ ಪೆನ್ನಿನಲ್ಲಿ ಫೋನ್ ನಂಬರ್, ಅದರ ಮೇಲೆ ಗಾಯಕ್ಕೆ ಹಚ್ಚುವ ದ್ರವ ಬ್ಯಾಂಡೇಜ್ ಒಂದು ಪದರ, ನೀರಿಗೂ ಬೆವರಿಗೂ ಅಳಿಸದಂತೆ. ಮತ್ತೆ, 'ಈಗ ನಾನು ನೋಡ್ತಿದ್ದೀನಿ' ಎಂದು ದೊಡ್ಡವರು ಬಾಯಿಬಿಟ್ಟು ಹೇಳಿಕೊಳ್ಳುವುದು. ಇಬ್ಬರೂ ನೋಡುತ್ತಿದ್ದೇವೆ ಅಂದುಕೊಂಡಾಗಲೇ ಯಾರೂ ನೋಡುತ್ತಿರುವುದಿಲ್ಲ.

ರಾತ್ರಿ

ಹೋಟೆಲ್ ಕಾಯ್ದಿರಿಸುವಾಗಲೇ ಲಿಫ್ಟ್‌ನಿಂದ ದೂರದ ಕೋಣೆ ಮತ್ತು ಮಗುವಿನ ತೊಟ್ಟಿಲು-ಮಂಚ ಕೇಳಿ, ಹಿಂದಿನ ದಿನ ಫೋನ್ ಮಾಡಿ ಮತ್ತೊಮ್ಮೆ ಕೇಳಿ. ಕೋಣೆಗೆ ಕಾಲಿಟ್ಟ ತಕ್ಷಣ ಒಬ್ಬರು ಮಂಡಿಯೂರಿ ಮಗುವಿನ ಕಣ್ಣೆತ್ತರದಲ್ಲಿ ಸುತ್ತಿ ನೋಡಬೇಕು: ನೇತಾಡುವ ಕೆಟಲ್ ವೈರು, ಪರದೆಯ ಹಗ್ಗ, ಬಾಲ್ಕನಿಯ ಚಿಲಕ, ಕಿಟಕಿಗೆ ಒತ್ತಿ ಇಟ್ಟ ಕುರ್ಚಿ. ಮಗುವಿನ ಹಾಸಿಗೆಗೆ ಮನೆಯಿಂದ ತಂದ, ತೊಳೆಯದ ಹೊದಿಕೆಯೇ ಆಗಬೇಕು. ಅದರ ವಾಸನೆಗೆ ಮಗು ಬೇಗ ಹೊಂದಿಕೊಳ್ಳುತ್ತದೆ. ಮನೆಯಲ್ಲಿ ಸ್ನಾನ, ಹಾಲು, ಕಥೆ ಎಂಬ ಸರಣಿ ಇದ್ದರೆ ಇಲ್ಲೂ ಅದೇ ಸರಣಿ, ಅದೇ ಕಥೆ ಪುಸ್ತಕ. ಪರದೆ ತೆಳುವಾಗಿದ್ದರೆ ಕಪ್ಪು ಕಸದ ಚೀಲವನ್ನು ಸುಲಭವಾಗಿ ಕಿತ್ತು ಬರುವ ಟೇಪಿನಿಂದ ಕಿಟಕಿಗೆ ಅಂಟಿಸಿ. ಇಲ್ಲದಿದ್ದರೆ ಬೆಳಕು ಹರಿಯುತ್ತಲೇ ಎಲ್ಲರೂ ಎದ್ದಿರುತ್ತಾರೆ. ಮಕ್ಕಳು ಮಲಗಿದ ಮೇಲೆ ದೊಡ್ಡವರು ಕತ್ತಲಲ್ಲೇ ಕೂರಬೇಕು, ಅದಕ್ಕೆ ತಯಾರಿರಿ.

ಬ್ಯಾಗನ್ನು ಆಳಿಗೊಂದರಂತೆ ತುಂಬುವುದಕ್ಕಿಂತ ಹೊತ್ತಿಗೊಂದರಂತೆ ತುಂಬುವುದು ವಾಸಿ: ಕಾರಿನದು, ಪಾರ್ಕಿನದು, ರಾತ್ರಿಯದು. ಕೋಣೆಗೆ ಹೋದಾಗ ರಾತ್ರಿಯದನ್ನು ಮಾತ್ರ ತೆರೆದರೆ ಸಾಕು. ಒಂದೊಂದು ಮಗುವಿನ ಒಂದೊಂದು ಜೊತೆ ಬಟ್ಟೆ ಒಳ ಉಡುಪಿನ ಸಮೇತ ಒಂದು ಜಿಪ್ ಚೀಲದಲ್ಲಿ. ಒದ್ದೆಯಾದ ಬಟ್ಟೆ ಅದೇ ಚೀಲಕ್ಕೆ ವಾಪಸ್. ಪುಟ್ಟದಕ್ಕೆ ಐದು ಜೊತೆ, ದೊಡ್ಡದಕ್ಕೆ ನಾಲ್ಕು. ಡೈಪರ್ ಎಚ್ಚರದ ಪ್ರತಿ ಎರಡು ಗಂಟೆಗೆ ಒಂದು, ನಿದ್ದೆಗೆ ಎರಡು, ಮೇಲೆ ನಾಲ್ಕು. ಈ ವೇಳಾಪಟ್ಟಿಗೆ ಹನ್ನೆರಡರಷ್ಟಾಗುತ್ತದೆ.

ಕೋಣೆ ಬಿಡುವ ಸಮಯ ಸಾಮಾನ್ಯವಾಗಿ ಹನ್ನೊಂದು ಅಥವಾ ಹನ್ನೆರಡು. ಪಾರ್ಕ್‌ನ ನಡುವೆ ಎದ್ದು ಬಂದು ಕೋಣೆ ಖಾಲಿ ಮಾಡಲು ಹೊರಟರೆ ಬೆಳಗಿನ ಒಳ್ಳೆಯ ಹೊತ್ತು ಅದಕ್ಕೇ ಹೋಗುತ್ತದೆ. ರಾತ್ರಿಯೇ ಸಾಮಾನು ಕಟ್ಟಿಟ್ಟು, ಬೆಳಗ್ಗೆ ಪಾರ್ಕ್‌ಗೆ ಹೊರಡುವಾಗಲೇ ಕೋಣೆ ಬಿಟ್ಟುಬಿಡಿ. ಒಣ ಬಟ್ಟೆಯ ಒಂದೊಂದು ಚೀಲ, ಒಂದು ಟವೆಲ್, ನೀರು ಮಾತ್ರ ಡಿಕ್ಕಿಗೆ ಹಾಕದೆ ಮುಂದಿನ ಸೀಟಿನ ಕೆಳಗಿರಲಿ.

ಹೊರಡುವಾಗಿನ ಅಳುವಿಗೆ ಗಡಿಯಾರದ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಹತ್ತು ನಿಮಿಷ ಅಂದರೆ ಎಷ್ಟು ಎಂದು ಮೂರು ವರ್ಷದ ಮಗುವಿಗೆ ತಿಳಿಯದು. ಹನ್ನೊಂದಕ್ಕೆ 'ಇನ್ನು ಎರಡು ರೈಡ್', ಆಮೇಲೆ 'ಇನ್ನು ಒಂದು, ಯಾವುದು ಅಂತ ನೀನೇ ಹೇಳು'. ಬಾಗಿಲಲ್ಲಿ ಆಟಿಕೆ ಅಂಗಡಿ ಇದ್ದೇ ಇರುತ್ತದೆ, ಏನು ಕೊಡಿಸುವುದು ಎಂದು ಮನೆಯಲ್ಲೇ ಮಾತಾಗಿರಲಿ. ಕಾರು ಹೊರಡುವ ಮುನ್ನ ಒದ್ದೆ ಬಟ್ಟೆ ಬದಲಿಸಿ, ಹೊಸ ಡೈಪರ್ ಹಾಕಿ, ಮನೆಯ ಹೊದಿಕೆಯನ್ನು ಕೈಗೆ ಕೊಡಿ. ಮೊದಲ ತಿರುವು ದಾಟುವಷ್ಟರಲ್ಲಿ ಹಿಂದಿನ ಸೀಟು ಮಲಗಿರುತ್ತದೆ.