ಬಾಸಿಂಗದ ಕೆಳಗೂ ಕಣ್ಣು ಕಾಣಬೇಕು: ಮದುವೆ ಫೋಟೊಗೆ ಫ್ಲ್ಯಾಶ್ ಬಳಸುವುದು ಹೇಗೆ?

ನಮ್ಮ ಕೊಪ್ಪಳ, ಗಂಗಾವತಿ ಕಡೆ ಮದುವೆ ಸೀಸನ್ ಶುರುವಾದರೆ ಹೊಸ ಕ್ಯಾಮೆರಾ ಹಿಡಿದ ಹುಡುಗರು ಪ್ರತಿ ಹಂದರದಲ್ಲೂ ಕಾಣುತ್ತಾರೆ. ಕ್ಯಾಮೆರಾ, ಲೆನ್ಸ್ ಎರಡೂ ಚೆನ್ನಾಗಿರುತ್ತವೆ. ಆದರೆ ಆಲ್ಬಮ್ ಕೈಗೆ ಬಂದಾಗ ಮದುಮಗಳ ಹಣೆ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಹಿಂದಿನ ಮಂಟಪ ಕತ್ತಲು. ಇಲ್ಲವೇ ಶಾಮಿಯಾನದ ನೀಲಿಯೆಲ್ಲ ಮುಖದ ಮೇಲೆ. ಅರಿಶಿನ ಹಚ್ಚಿದ ಕೆನ್ನೆ ಹಸಿರಾಗಿ ಕಾಣುವ ಫೋಟೊವನ್ನು ಹೆತ್ತವರು ಜೀವನಪೂರ್ತಿ ನೋಡಬೇಕು, ಅಲ್ವಾ? ಇದು ಕ್ಯಾಮೆರಾದ ತಪ್ಪಲ್ಲ. ಫ್ಲ್ಯಾಶ್‌ನ ಮುಖ ಎತ್ತ ಇತ್ತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಹಂತ 1: ಸೆಲ್

ನಾಲ್ಕು ಸೆಲ್ ಹಾಕುವ ಫ್ಲ್ಯಾಶ್ ಆದರೆ ಒಳ್ಳೆಯ ರೀಚಾರ್ಜ್ ಸೆಲ್ಲುಗಳ ಮೂರು ಸೆಟ್ ಇರಲಿ. ರಾಯಚೂರಿನ ಬಿಸಿಲಿನಲ್ಲಿ ಬ್ಯಾಗನ್ನು ಕಾರಿನೊಳಗೆ ಬಿಡಬೇಡಿ. ಕಾದ ಫ್ಲ್ಯಾಶ್ ಬೇಗ ನಿಧಾನವಾಗುತ್ತದೆ, ಕೆಲವೊಮ್ಮೆ ತಾನೇ ನಿಂತುಬಿಡುತ್ತದೆ.

ಹಂತ 2: ಮೊದಲು ಫ್ಲ್ಯಾಶ್ ಆಫ್ ಮಾಡಿ

ಹೌದು, ಆಫ್ ಮಾಡಿ. ಮೊದಲು ಆ ಜಾಗದ ಬೆಳಕನ್ನು ಹಿಡಿಯಿರಿ. ಕ್ಯಾಮೆರಾ ಮ್ಯಾನುವಲ್‌ನಲ್ಲಿ, ಅಂದರೆ ಎಲ್ಲವನ್ನೂ ನೀವೇ ಹೊಂದಿಸುವ ಮೋಡ್‌ನಲ್ಲಿ ಇರಲಿ. ಶಟರ್ (ಬೆಳಕು ಒಳಬಿಡುವ ಹೊತ್ತು) 1/100 ಸೆಕೆಂಡು, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 4, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಇಟ್ಟು ಒಂದು ಫೋಟೊ ತೆಗೆಯಿರಿ. ಮಂಟಪದ ಹೂವು, ಸೀರಿಯಲ್ ದೀಪ ಸ್ವಲ್ಪ ಮಂಕಾಗಿ ಕಂಡರೆ ಸರಿ. ಮುಖದ ಪಾಲಿನ ಬೆಳಕನ್ನು ಫ್ಲ್ಯಾಶ್ ಕೊಡುತ್ತದೆ.

1/100 ಯಾಕೆ? ನಮ್ಮ ಕರೆಂಟು 50 ಹರ್ಟ್ಜ್. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಅದಕ್ಕಿಂತ ತುಂಬಾ ವೇಗವಾದರೆ ಫೋಟೊದಲ್ಲಿ ಪಟ್ಟಿ ಪಟ್ಟಿ ಬೀಳುತ್ತದೆ. ಇನ್ನು 1/200 ಅಥವಾ 1/250 ದಾಟಿದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಫ್ಲ್ಯಾಶ್‌ನ ಬೆಳಕು ಅರ್ಧ ಚಿತ್ರಕ್ಕೆ ಮಾತ್ರ ಸಿಗುತ್ತದೆ, ಉಳಿದದ್ದು ಕಪ್ಪು. ಇದೊಂದು ನೆನಪಿರಲಿ: ಶಟರ್ ನಿಧಾನ ಮಾಡಿದರೆ ಹಿಂದಿನ ಮಂಟಪ ಬೆಳಗುತ್ತದೆ, ಫ್ಲ್ಯಾಶ್ ಬಿದ್ದ ಮುಖ ಹೆಚ್ಚು ಬದಲಾಗುವುದಿಲ್ಲ. ಅಪರ್ಚರ್, ಐಎಸ್‌ಒ ಮುಟ್ಟಿದರೆ ಎರಡೂ ಬದಲಾಗುತ್ತವೆ.

ಹಂತ 3: ಬೌನ್ಸ್

ಬೌನ್ಸ್ ಅಂದರೆ ಫ್ಲ್ಯಾಶ್ ಬೆಳಕನ್ನು ನೇರ ಮುಖಕ್ಕಲ್ಲ, ಸೂರಿಗೋ ಗೋಡೆಗೋ ಹೊಡೆದು ವಾಪಸ್ ತರಿಸುವುದು. ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಮೊದಲು ಮೇಲೆ ನೋಡಿ. ಸೂರು ಬಿಳಿಯಾಗಿದ್ದು ಹತ್ತು ಹನ್ನೆರಡು ಅಡಿ ಎತ್ತರ ಇದ್ದರೆ ನಿಮ್ಮ ಅದೃಷ್ಟ. ಆಗಲೂ ಫ್ಲ್ಯಾಶ್ ತಲೆಯನ್ನು ನೆಟ್ಟಗೆ ಮೇಲಕ್ಕೆ ಮಾಡಬೇಡಿ. ಬೆಳಕು ನೆತ್ತಿಯ ಮೇಲಿಂದ ಸುರಿದು ಕಣ್ಣಿನ ಗುಳಿ ಕಪ್ಪಾಗುತ್ತದೆ. ಬಾಸಿಂಗ ಕಟ್ಟಿದ ಮೇಲಂತೂ ಅದರ ನೆರಳು ಕಣ್ಣಿಗೇ ಬಂದು ಕೂರುತ್ತದೆ. ನೇರವಾಗಿ ಮುಖಕ್ಕೆ ಹೊಡೆದರೆ ಬಾಸಿಂಗದ ಜರಿ, ಕನ್ನಡಿ ಚೂರು ಎಲ್ಲ ಬೆಳ್ಳಗೆ ಮಿಂಚಿ ಮುಖ ಕಾಣುವುದೇ ಇಲ್ಲ. ಬೆಳಕು ಮುಂದಿನ ಒಂದು ಬದಿಯಿಂದ, ಮುಖಕ್ಕಿಂತ ಸ್ವಲ್ಪವೇ ಮೇಲಿಂದ ಬರಬೇಕು.

ಅದಕ್ಕೆ ಹೀಗೆ ಮಾಡಿ. ಮದುಮಗಳು ನಿಮ್ಮ ಎಡಕ್ಕೆ ನೋಡುತ್ತಿದ್ದರೆ ಫ್ಲ್ಯಾಶ್ ತಲೆಯನ್ನು ನಿಮ್ಮ ಎಡ ಭುಜದ ಮೇಲಿಂದ ಹಿಂದಕ್ಕೆ ತಿರುಗಿಸಿ. ಗೋಡೆ ಮತ್ತು ಸೂರು ಕೂಡುವ ಜಾಗಕ್ಕೆ ಹೊಡೆಯಿರಿ. ಅಲ್ಲಿ ಬೀಳುವ ಬೆಳಕಿನ ಮಚ್ಚೆಯೇ ಈಗ ನಿಮ್ಮ ದೀಪ. ಆ ಮಚ್ಚೆಯ ಜಾಗದಲ್ಲಿ ಒಬ್ಬರು ಕೂತಿದ್ದಾರೆ ಎಂದುಕೊಳ್ಳಿ. ಅವರಿಗೆ ಮದುಮಗಳ ಎರಡೂ ಕಣ್ಣು ಕಾಣುತ್ತವೆಯೇ? ಕಂಡರೆ ಎರಡೂ ಕಣ್ಣಿಗೆ ಬೆಳಕು ತಲುಪುತ್ತದೆ. ಕಾಣದಿದ್ದರೆ ಫ್ಲ್ಯಾಶ್ ತಲೆಯನ್ನು ಇನ್ನೂ ಸ್ವಲ್ಪ ತಗ್ಗಿಸಿ. ಬೌನ್ಸ್ ಮಾಡಿದಾಗ ಬೆಳಕು ತುಂಬಾ ಸೋರಿಹೋಗುತ್ತದೆ. ಟಿಟಿಎಲ್‌ನಲ್ಲಿ (ಫ್ಲ್ಯಾಶ್ ಎಷ್ಟು ಬೇಕೆಂದು ಕ್ಯಾಮೆರಾವೇ ಅಳೆಯುವ ಮೋಡ್) ಫ್ಲ್ಯಾಶ್ ಕಾಂಪೆನ್ಸೇಶನ್ ಪ್ಲಸ್ ಒಂದರಿಂದ, ಮ್ಯಾನುವಲ್‌ನಲ್ಲಿ 1/4 ಪವರ್‌ನಿಂದ ಶುರು ಮಾಡಿ.

ಹಂದರದಲ್ಲಿ ಬಣ್ಣದ ಬಟ್ಟೆ ಇದ್ದರೆ? ಅದಕ್ಕೆ ಹೊಡೆಯಲೇಬೇಡಿ. ಬಟ್ಟೆ ಯಾವ ಬಣ್ಣವೋ ಮುಖ ಅದೇ ಬಣ್ಣ. ಕಂಪ್ಯೂಟರಿನಲ್ಲಿ ಸರಿ ಮಾಡ್ತೀನಿ ಎನ್ನುವವರನ್ನು ತುಂಬಾ ನೋಡಿದ್ದೇನೆ. ಚರ್ಮದ ಬಣ್ಣ ಸರಿ ಮಾಡಲು ಹೋದರೆ ಸೀರೆಯ ಬಣ್ಣ ಕೆಡುತ್ತದೆ. ಹಿಂದಿನ ದಿನ ಸಂಜೆಯೇ ಹೋಗಿ ಶಾಮಿಯಾನದವರನ್ನು ಕೇಳಿ, ‘ಅಣ್ಣ, ಮಂಟಪದ ಎದುರು ಬದಿಗೆ ಒಂದು ಬಿಳಿ ಬಟ್ಟೆ ಇಳಿಬಿಡ್ರಿ’ ಎನ್ನಿ. ಹೆಚ್ಚಿನವರು ಕಟ್ಟಿಕೊಡುತ್ತಾರೆ. ಅದೂ ಆಗದಿದ್ದರೆ ಮೂರಡಿಯ ಬಿಳಿ ಥರ್ಮಾಕೋಲ್ ಹಾಳೆಯನ್ನು ಜೊತೆಯವನ ಕೈಗೆ ಕೊಟ್ಟು ಅದಕ್ಕೆ ಹೊಡೆಯಿರಿ. ಅಂತರಪಟ ಬಿಳಿ ಬಟ್ಟೆಯದ್ದಾಗಿದ್ದರೆ ಅದನ್ನೂ ಬಿಡಬೇಡಿ. ಮದುಮಗಳ ಕಡೆಯ ಮಗ್ಗುಲಿಗೆ ಮೆಲ್ಲಗೆ ಬೆಳಕು ಬಿಟ್ಟರೆ ಅದು ಮುಖಕ್ಕೇ ವಾಪಸ್ ಬರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಫ್ಲ್ಯಾಶ್ ತಲೆಗೆ ಸಿಕ್ಕಿಸುವ ಬಿಳಿ ಪ್ಲಾಸ್ಟಿಕ್ ಟೋಪಿ ಕೊಳ್ಳಬೇಡಿ. ಬೆಳಕು ಮೆತ್ತಗಾಗಬೇಕಾದರೆ ದೀಪದ ಮೈ ದೊಡ್ಡದಾಗಬೇಕು. ಆ ಟೋಪಿ ಅಂಗೈಯಷ್ಟೂ ಇಲ್ಲ. ಬಯಲಿನಲ್ಲಿ ಅದು ಸುಮ್ನೆ ಸೆಲ್ ತಿನ್ನುತ್ತದೆ. ಆ ದುಡ್ಡು ಅಂಬ್ರೆಲಾಗೆ, ಅಂದರೆ ಫ್ಲ್ಯಾಶ್ ಬೆಳಕು ಹರಡುವ ಛತ್ರಿಗೆ ಇಡಿ.

ಹಂತ 4: ಅಂಬ್ರೆಲಾ

ಹೊಸಬರಿಗೆ ಸಾಫ್ಟ್‌ಬಾಕ್ಸ್‌ಗಿಂತ (ಮುಂದೆ ಬಿಳಿ ಬಟ್ಟೆ ಇರುವ ಬೆಳಕಿನ ಡಬ್ಬ) ಬಿಳಿ ಅಂಬ್ರೆಲಾನೇ ಒಳ್ಳೆಯದು. ಬೇಗ ಬಿಚ್ಚಬಹುದು, ಬೇಗ ಮಡಚಬಹುದು. ಫ್ಲ್ಯಾಶ್, ಅಂಬ್ರೆಲಾ ಸಿಕ್ಕಿಸಿದ ಸ್ಟ್ಯಾಂಡ್ ಅನ್ನು ಜೋಡಿಯ ಒಂದು ಬದಿಗೆ ಓರೆಯಾಗಿ, ಆರಡಿ ದೂರದಲ್ಲಿ ಇಡಿ. ಬಯಲಲ್ಲಿ ಮರಳಿನ ಚೀಲ ಕಟ್ಟದೆ ಸ್ಟ್ಯಾಂಡ್ ನಿಲ್ಲಿಸಬೇಡಿ. ಒಂದು ಬೀಸು ಗಾಳಿ ಬಂದರೆ ಅದು ಮಕ್ಕಳ ಮೇಲೆ ಬೀಳುತ್ತದೆ. ದೂರದ ಫ್ಲ್ಯಾಶ್ ಅನ್ನು ಕ್ಯಾಮೆರಾದಿಂದ ಹೊಡೆಸುವ ಟ್ರಿಗರ್ ತೀರಾ ಅಗ್ಗದ್ದು ಬೇಡ. ಮೂರಕ್ಕೆ ಒಂದು ಸಲ ಕೈಕೊಡುವ ಟ್ರಿಗರ್ ತಾಳಿ ಕಟ್ಟುವಾಗಲೇ ಕೈಕೊಡುತ್ತದೆ.

ಹಂತ 5: ವಿಡಿಯೊದವರ ಜೊತೆ ಮಾತಾಡಿ

ಅವರ ದೀಪ ಹಳದಿ ಇರಬಹುದು, ನಿಮ್ಮ ಫ್ಲ್ಯಾಶ್ ಬಿಳಿ. ಹಾಗೇ ಬಿಟ್ಟರೆ ಅರ್ಧ ಮುಖ ಒಂದು ಬಣ್ಣ, ಇನ್ನರ್ಧ ಇನ್ನೊಂದು. ಅವರ ದೀಪ ಹಳದಿಯೇ ಆಗಿದ್ದರೆ ಫ್ಲ್ಯಾಶ್‌ಗೆ ತೆಳು ಕಿತ್ತಳೆ ಜೆಲ್ (ಬಣ್ಣದ ಪ್ಲಾಸ್ಟಿಕ್ ಹಾಳೆ) ಅಂಟಿಸಿ, ಕ್ಯಾಮೆರಾದಲ್ಲಿ ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು 4000 ಕೆಲ್ವಿನ್ ಹತ್ತಿರ ಇಡಿ.

ಹಂತ 6: ಅಕ್ಕಿಕಾಳು ಬೀಳುವ ಹೊತ್ತು

ಫುಲ್ ಪವರ್‌ನಲ್ಲಿ ಒಂದು ಸಲ ಹೊಡೆದರೆ ಫ್ಲ್ಯಾಶ್ ಮತ್ತೆ ತುಂಬಿಕೊಳ್ಳಲು ಮೂರು ನಾಲ್ಕು ಸೆಕೆಂಡು ಬೇಕು. ಅಷ್ಟರಲ್ಲಿ ಅಕ್ಕಿಕಾಳು ನೆಲಕ್ಕೆ ಬಿದ್ದಿರುತ್ತದೆ. ಬಾಜಾ ಜೋರಾಗುವ ಮೊದಲೇ ಪವರ್ 1/8ಕ್ಕೆ ಇಳಿಸಿ, ಐಎಸ್‌ಒ 3200ಕ್ಕೆ ಏರಿಸಿ, ಹೊಸ ಸೆಲ್ ಹಾಕಿ. ನಾಲ್ಕೈದು ಫೋಟೊ ಬೆನ್ನುಬೆನ್ನಿಗೆ ಸಿಗುತ್ತವೆ. ಐಎಸ್‌ಒ ಏರಿದ್ದಕ್ಕೆ ಫೋಟೊ ಸ್ವಲ್ಪ ಕಾಳು ಕಾಳಾಗಿ ಕಂಡರೂ ಪರವಾಗಿಲ್ಲ. ಆ ಗಳಿಗೆ ಮತ್ತೆ ಬರುವುದಿಲ್ಲ.

ಹಂತ 7: ಬೀಗರ ಗ್ರೂಪ್ ಫೋಟೊ

ಅಂಬ್ರೆಲಾ ಹತ್ತಿರ ಇರಬಾರದು. ಈ ತುದಿಯವರಿಗೆ ಆರಡಿ, ಆ ತುದಿಯವರಿಗೆ ಹನ್ನೆರಡಡಿ ಆದರೆ ಅವರಿಗೆ ಸಿಗುವ ಬೆಳಕು ಅರ್ಧ ಅಲ್ಲ, ಕಾಲು ಭಾಗ. ಕ್ಯಾಮೆರಾದ ಪಕ್ಕಕ್ಕೇ ತಂದು ಎಂಟಡಿ ಎತ್ತರಕ್ಕೆ ಏರಿಸಿ. ಎರಡು ಸಾಲು ಇದ್ದರೆ ಎಫ್ 5.6.

ಹಂತ 8: ಊಟದ ಮೇಲೆ ಹೊರಗೆ

ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಿಗೆ ಸಣ್ಣ ಫ್ಲ್ಯಾಶ್ ಸಾಟಿಯಲ್ಲ. ವೇಗದ ಶಟರ್‌ಗೂ ಫ್ಲ್ಯಾಶ್ ಹೊಂದಿಸುವ ಹೈ ಸ್ಪೀಡ್ ಸಿಂಕ್ ಹಾಕಿದರೆ ಅದರ ಬಲ ಇನ್ನೂ ಕಡಿಮೆಯಾಗುತ್ತದೆ. ಜೋಡಿಯನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ. ಆದರೆ ಬುಡದ ಹತ್ತಿರ ಅಲ್ಲ, ಅಲ್ಲಿ ಎಲೆಯ ಹಸಿರು ಮುಖಕ್ಕೆ ಬರುತ್ತದೆ. ನೆರಳಿನ ಅಂಚಿನಲ್ಲಿ, ಬಯಲಿಗೆ ಮುಖ ಮಾಡಿ ನಿಲ್ಲಿಸಿ. ಆಗ ಅಂಬ್ರೆಲಾದಿಂದ ಸ್ವಲ್ಪವೇ ಬೆಳಕು ಸಾಕು, ಬಾಸಿಂಗದ ಕೆಳಗಿನ ಕಣ್ಣಿನಲ್ಲಿ ಒಂದು ಬಿಳಿ ಚುಕ್ಕೆ ಮೂಡುವಷ್ಟು.